ಒಂದು ಹಲ್ಲು ಮುಂದೆ, ಮೂರು ಹಲ್ಲು ಹಿಂದೆ

"ಬರೋ ಶುಕ್ರವಾರ ನಿಮ್ಮಮ್ಮನ ಕೈಯಿಂದ ಮೊದಲನೇ ಬಟ್ಟಲು ಕಾಫಿ ಕುಡಿಯೋನು ನಾನೇ! ಇಲ್ಲಾಂದ್ರೆ ನನ್ನ ಹೆಸರು ಖಲ್ಫಾನ್ ಅಲ್ಲ!"

ಮರಳುಗಾಡಿನ ಅಂಚಿನ ಬಿದಿಯಾ ಊರಿನಲ್ಲಿ ತನ್ನ ಮನೆಯಂಗಳದಲ್ಲಿ ನಿಂತು ಖಲ್ಫಾನ್ ಹೀಗೆ ಘೋಷಣೆ ಹೊರಡಿಸಿದಾಗ ಅವನ ಹೆಂಡತಿ ಜುವೈನಾ ಖರ್ಜೂರದ ಬೀಜ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆಸರು ಬದಲಾಯಿಸೋದಾದ್ರೆ ಮೊದಲೇ ಹೇಳಿಬಿಡಿ. ನಿಮ್ಮ ಕರೆಂಟ್ ಆಫೀಸಿನಲ್ಲೂ ತಿದ್ದಿಸ್ಬೇಕಾಗತ್ತೆ," ಎಂದಳು.

ವಿಷಯ ಕಾಫಿಯದಲ್ಲ, ಮಾನದ್ದು. ಜುವೈನಾಳ ತಾಯಿ ಶಂಸಾ ಚಳಿಗಾಲವಿಡೀ ತನ್ನ ಆಡುಗಳ ಜೊತೆ ಊರಾಚೆಯ ದೊಡ್ಡ ಮರಳುದಿಬ್ಬದ ಹಿಂದೆ ಬಿಡಾರ ಹೂಡುತ್ತಿದ್ದರು. ಶುಕ್ರವಾರ ನಮಾಜು ಮುಗಿಸಿ ಮಗ, ಅಳಿಯ ಎಲ್ಲರೂ ಅಲ್ಲಿ ಊಟಕ್ಕೆ ಸೇರಬೇಕು. ದಿಬ್ಬ ಹತ್ತಿ ಇಳಿದರೆ ಒಂದು ಹಾಡು ಗುನುಗುವಷ್ಟರಲ್ಲಿ ಬಿಡಾರ. ಸುತ್ತಿಕೊಂಡು ಹೋದರೆ ಅನ್ನ ಆರಿ ತಣ್ಣಗಾಗುವಷ್ಟು ದಾರಿ. ಖಲ್ಫಾನನ ಬಾಮೈದ ಮುಸಲ್ಲಂ ಪ್ರತಿ ಶುಕ್ರವಾರ ತನ್ನ ನಾಲ್ಕು ಚಕ್ರದ ಕ್ವಾಡ್ ಬೈಕಿನಲ್ಲಿ ದಿಬ್ಬವನ್ನು ಬೆಣ್ಣೆಯಂತೆ ಸೀಳಿಕೊಂಡು ಆಚೆ ಜಾರುತ್ತಿದ್ದ. ಖಲ್ಫಾನನ ಬೈಕು ಮುಕ್ಕಾಲು ದಿಬ್ಬ ಹತ್ತಿ, ಗೊರಗೊರ ಅಂದು, ಹಿಂಗಾಲು ಹೂತುಕೊಂಡು ಕೂತುಬಿಡುತ್ತಿತ್ತು. ಮುಸಲ್ಲಂ ಕೈಯಲ್ಲೇ ಹಗ್ಗ ಹಾಕಿ ಎಳೆಸಿಕೊಂಡು, ಸುತ್ತುದಾರಿ ಹಿಡಿದು, ಬೆವರೊರೆಸಿಕೊಳ್ಳುತ್ತಾ ಹೋಗುವ ಹೊತ್ತಿಗೆ ತಟ್ಟೆಯಲ್ಲಿ ಮಾಂಸಕ್ಕಿಂತ ಮೂಳೆಯೇ ಹೆಚ್ಚು.

ಮೂಳೆಯನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಸುದ್ದಿ! ಅಲ್ಲಿಯ ಪದ್ಧತಿಯಂತೆ ಮೊದಲು ಬಂದವನನ್ನು ಕೂರಿಸಿ "ಏನ್ ಸಮಾಚಾರ?" ಎಂದು ಕೇಳಬೇಕು. ಅವನು "ಏನೂ ಇಲ್ಲ, ಎಲ್ಲಾ ಕ್ಷೇಮ" ಅನ್ನಬೇಕು, ಮನೆಗೆ ಬೆಂಕಿ ಬಿದ್ದಿದ್ದರೂ ಹಾಗೇ ಅನ್ನಬೇಕು. ಕಾಫಿ ಆದ ಮೇಲೆ ಮತ್ತೆ ಕೇಳಬೇಕು. ಆಗ ನಿಜವಾದ ಸುದ್ದಿ ಹೊರಬರಬೇಕು, ಅದೂ ಅವನ ಬಾಯಿಂದಲೇ. ಇದು ಮೊದಲು ಬಂದವನ ಹಕ್ಕು. ಹೀಗಾಗಿ ಭಾವ ಮರಳಿನಲ್ಲಿ ಹೂತುಕೊಂಡ ಸುದ್ದಿ ಪ್ರತಿವಾರ ಭಾವನಿಗಿಂತ ಮೊದಲೇ ಬಿಡಾರ ಸೇರುತ್ತಿತ್ತು. ಹೋದ ವಾರವಂತೂ ಅತ್ತೆ ಅವನನ್ನು ಏನೂ ಕೇಳಲೇ ಇಲ್ಲ. "ಎಲ್ಲಾ ಗೊತ್ತಾಯ್ತಪ್ಪ, ಊಟ ಮಾಡು," ಅಂದುಬಿಟ್ಟರು. ಗಡ್ಡದಲ್ಲಿ ಎರಡು ಬಿಳಿ ಕೂದಲು ಬಂದ ಗಂಡಸನ್ನು ಸಮಾಚಾರ ಕೇಳದೆ ಊಟಕ್ಕೆ ಕೂರಿಸುವುದೆಂದರೇನು!

ಅವನನ್ನು ಕೊರೆಯುತ್ತಿದ್ದದ್ದು ಇನ್ನೊಂದು. ಇಬ್ಬರದೂ ಒಂದೇ ಕಂಪನಿಯ, ಒಂದೇ ವರ್ಷದ, ಒಂದೇ ಕೆಂಪು ಬಣ್ಣದ ಬೈಕು. ಅವನದು ಹತ್ತುತ್ತದೆ, ನನ್ನದು ಯಾಕೆ ಹತ್ತುವುದಿಲ್ಲ? ಖಲ್ಫಾನ್ ಹುಟ್ಟಾ ಕುತೂಹಲಿ. ಫ್ರಿಜ್ಜು ಯಾಕೆ ತಣ್ಣಗಿರುತ್ತದೆ ಎಂದು ಬಿಚ್ಚಿ ನೋಡಿದ್ದ. ಆಮೇಲೆ ಅದು ತಣ್ಣಗಿರಲಿಲ್ಲ. ಕುತೂಹಲ ಎಲ್ಲಿ ಯಾವಾಗ ಕೆರಳುತ್ತದೋ ಹೇಳಲಾಗುವುದಿಲ್ಲವಲ್ಲ, ಅದಕ್ಕೇ ಸ್ಪ್ಯಾನರು, ಸುತ್ತಿಗೆ, ಜ್ಯಾಕು ತುಂಬಿದ ಕಬ್ಬಿಣದ ಪೆಟ್ಟಿಗೆಯೊಂದನ್ನು ಸೀಟಿನ ಹಿಂದೆ ಕಟ್ಟಿಕೊಂಡೇ ತಿರುಗುತ್ತಿದ್ದ. ಬಹಳ ಯೋಚಿಸಿ ಈಗ ಒಂದು ತೀರ್ಮಾನಕ್ಕೆ ಬಂದಿದ್ದ: ಮುಸಲ್ಲಂ ಕದ್ದುಮುಚ್ಚಿ ಸ್ಪ್ರಾಕೆಟ್ ಬದಲಾಯಿಸಿದ್ದಾನೆ! ಚೈನು ಓಡುವ ಆ ಎರಡು ಹಲ್ಲಿನ ಚಕ್ರಗಳಲ್ಲೇ, ಇಂಜಿನ್ನಿನ ಬಳಿಯ ಚಿಕ್ಕದು, ಹಿಂದಿನ ಆ್ಯಕ್ಸಲಿನ ದೊಡ್ಡದು, ಇವುಗಳಲ್ಲೇ ಮಾಯೆ ಅಡಗಿದೆ!

ಇಬ್ರಾ ಪೇಟೆಯ ಬಿಡಿಭಾಗದ ಅಂಗಡಿಯವನು ಒಳ್ಳೆಯ ಮನುಷ್ಯ. "ನೋಡಿ, ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ," ಎಂದು ಶುರುಮಾಡಿದ. "ಆದ್ರೆ ಮುಂದಿಂದು ಮಾತ್ರ..."

"ಗೊತ್ತಾಯ್ತು!" ಎಂದ ಖಲ್ಫಾನ್. ಅವನ ತಲೆಯಲ್ಲಿ ಆಗಲೇ ಲೆಕ್ಕ ಮುಗಿದಿತ್ತು. ಮುಂದೆ ಒಂದು ಹಲ್ಲು ಹೆಚ್ಚು, ಹಿಂದೆ ಮೂರು ಹಲ್ಲು ಹೆಚ್ಚು. ಎರಡು ಕಡೆಯಿಂದಲೂ ಬಲ! "ಎರಡೂ ದೊಡ್ಡದು ಕೊಡಪ್ಪ."

"ಎರಡೂನಾ? ಎಳೆತ ಬೇಕು ಅಂದ್ರೆ ಮುಂದಕ್ಕೆ ಚಿಕ್ಕದು..."

ಚಿಕ್ಕದು! ಖಲ್ಫಾನನ ಮನೆತನದಲ್ಲಿ ಅತಿಥಿಗೆ ಚಿಕ್ಕ ತಟ್ಟೆ ಇಟ್ಟವರಿಲ್ಲ, ಅಂಗಡಿಯಲ್ಲಿ ಚಿಕ್ಕದು ಕೇಳಿದವರಿಲ್ಲ. "ದೊಡ್ಡ ದಿಬ್ಬಕ್ಕೆ ಚಿಕ್ಕ ಚಕ್ರಾನಾ? ಯಾರಿಗೆ ಹೇಳ್ತೀಯ!" ಎಂದು ಎರಡನ್ನೂ ಕಂಕುಳಲ್ಲಿಟ್ಟುಕೊಂಡು ಬಂದೇಬಿಟ್ಟ.

ಗುರುವಾರ ಮಧ್ಯಾಹ್ನ ಆಫೀಸಿನಿಂದ ಬಂದವನೇ ಅಂಗಳದಲ್ಲಿ ಯುದ್ಧ ಸಾರಿದ. ಪೆಟ್ಟಿಗೆಯ ಸಾಮಾನೆಲ್ಲ ಚಾಪೆಯ ಮೇಲೆ ಹರಡಿತು. ಆದರೆ ಜ್ಯಾಕು ತುಕ್ಕು ಹಿಡಿದು ಏಳಲೊಲ್ಲದು. ಬೈಕಿನ ಹಿಂಭಾಗ ಎತ್ತಿ ನಿಲ್ಲಿಸಲು ಗಟ್ಟಿಮುಟ್ಟಾದದ್ದೇನಾದರೂ ಬೇಕು. ಅಡುಗೆಮನೆಯಲ್ಲಿ ಕಂಡಿತು, ದೊಡ್ಡ ಅನ್ನದ ಪಾತ್ರೆ. ಬೋರಲು ಹಾಕಿ ಅದರ ಮೇಲೆ ಬೈಕು ಕೂರಿಸಿದ.

"ಅಯ್ಯೋ ನನ್ನ ಪಾತ್ರೆ!" ಜುವೈನಾ ಓಡಿಬಂದಳು. "ನಾಳೆ ಅನ್ನ ಯಾವುದರಲ್ಲಿ ಮಾಡ್ಲಿ? ನಿಮ್ಮ ತಲೇಲಾ? ಖಾಲಿ ಇರೋದು ನಿಜ, ಆದ್ರೆ ಅಷ್ಟು ಜನಕ್ಕೆ ಸಾಲಲ್ಲ!"

"ಒಂದು ಗಳಿಗೆ ಕಣೇ! ಬಾ, ಮೇಲೆ ಹತ್ತಿ ಬ್ರೇಕ್ ತುಳಿ. ಈ ನಟ್ಟು ಬಿಚ್ಚಬೇಕು, ಚಕ್ರ ತಿರುಗಬಾರದು."

ಜುವೈನಾ ನಿಲುವಂಗಿ ಎತ್ತಿಕಟ್ಟಿ ಬೈಕೇರಿ ಕೂತು ಬ್ರೇಕ್ ಒತ್ತಿದಳು. ಖಲ್ಫಾನ್ ಸ್ಪ್ಯಾನರಿಗೆ ಎರಡು ಕೈಯಲ್ಲೂ ಜೋತುಬಿದ್ದ. ಜಪ್ಪಯ್ಯ ಅಂದರೂ ನಟ್ಟು ಅಲುಗಲಿಲ್ಲ. ಇನ್ನೊಮ್ಮೆ ಜೋತುಬಿದ್ದ. ಟಣ್! ನಟ್ಟು ಸಡಿಲವಾಯಿತು, ಖಲ್ಫಾನ್ ಅಂಗಾತ ಬಿದ್ದ, ಪಾತ್ರೆಯ ತಳ ಒಳಕ್ಕೆ ಹೋಯಿತು.

"ತಳ ಹೋದ್ರೆ ಏನಾಯ್ತು? ಅನ್ನ ಬೇಗ ಬೇಯತ್ತೆ," ಎಂದ, ಬಿದ್ದಲ್ಲಿಂದಲೇ. ಜುವೈನಾ ನೋಡಿದ ನೋಟಕ್ಕೆ ಉತ್ತರವಾಗಿ ಎದ್ದು ಕೆಲಸ ಮುಂದುವರಿಸಿದ.

ಇಷ್ಟರಲ್ಲಿ ಟಣ್ ಸದ್ದು ಕೇಳಿ ಪಕ್ಕದ ಮನೆಯ ಹಮ್ದಾನ್ ಬಂದ. ಬಂದ ಮೇಲೆ ಕೂರಿಸಬೇಕು, ಕಾಫಿ ಕೊಡಬೇಕು. "ಏನ್ ಸಮಾಚಾರ ಖಲ್ಫಾನ್?"

"ಏನೂ ಇಲ್ಲ, ಎಲ್ಲಾ ಕ್ಷೇಮ," ಎಂದ, ಮೊಣಕೈವರೆಗೂ ಕರಿ ಗ್ರೀಸು ಮೆತ್ತಿಕೊಂಡು.

ಹಮ್ದಾನ್ ಖರ್ಜೂರ ತಿಂದ. ಅಂಟಿದ ಬೆರಳನ್ನು ಎಲ್ಲರ ಮನೆಯಲ್ಲಿ ಮಾಡುವಂತೆ ಪಕ್ಕದ ಬೋಗುಣಿಯ ನೀರಿನಲ್ಲಿ ಅದ್ದಿ, ತೇವದ ಕೈಯನ್ನು ಮೀಸೆಗೆ ಸವರಿಕೊಂಡ. ಅದು ಚೈನು ತೊಳೆಯಲು ಇಟ್ಟ ಸೀಮೆಎಣ್ಣೆ.

"ಹೊಸ ಅತ್ತರಾ?" ಎಂದು ಮೂಗರಳಿಸಿದ. "ತುಂಬಾ ಘಾಟು ಕಣಯ್ಯ."

"ಮಸ್ಕತ್‌ದು," ಎಂದಳು ಜುವೈನಾ, ಗಂಡನ ಮಾನ ಉಳಿಸಲು.

ಹಮ್ದಾನ್ ಸಂತೋಷದಿಂದ ಇನ್ನೊಮ್ಮೆ ಸವರಿಕೊಂಡು ಮನೆಗೆ ಹೋದ. ಅವನು ಅವತ್ತು ಹುಕ್ಕಾ ಹಚ್ಚದಿರಲಿ ಎಂದು ಗಂಡ ಹೆಂಡತಿ ಇಬ್ಬರೂ ಪ್ರಾರ್ಥಿಸಿದರು.

ಹೊಸ ಚಕ್ರಗಳು ಕೂತವು. ಆದರೆ ಚೈನು ಕೂರಲಿಲ್ಲ! ಎರಡೂ ದೊಡ್ಡದಾದ ಮೇಲೆ ಹಳೆಯ ಚೈನು ಸುತ್ತು ಬರುವುದಾದರೂ ಹೇಗೆ? ಎಷ್ಟು ಎಳೆದರೂ ಎರಡು ತುದಿಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಒಂದನ್ನೊಂದು ನೋಡುತ್ತಾ ದೂರ ನಿಂತವು. ಚೈನಿನ ತುಂಡು ಊರಿನಲ್ಲಿ ಒಬ್ಬನ ಹತ್ತಿರ ಮಾತ್ರ ಇತ್ತು, ಮುಸಲ್ಲಂ ಹತ್ತಿರ. ಮಾನ ಬಿಟ್ಟು ಫೋನು ಮಾಡಬೇಕಾಯಿತು.

ಮುಸಲ್ಲಂ ತುಂಡು ತಂದುಕೊಟ್ಟ. ಬೈಕು ನೋಡಿದ, ಪಾತ್ರೆ ನೋಡಿದ, ಚಾಪೆಯ ತುಂಬ ಹರಡಿದ ಸಾಮಾನು ನೋಡಿದ.

"ಏನ್ ಸಮಾಚಾರ ಭಾವ?"

"ಏನೂ ಇಲ್ಲ, ಎಲ್ಲಾ ಕ್ಷೇಮ!"

"ಸರಿ ಹಾಗಾದ್ರೆ. ನಾಳೆ ಹಗ್ಗ ತರ್ತೀನಿ," ಎಂದು ನಗುತ್ತಾ ಹೊರಟ.

ಶುಕ್ರವಾರ ಖಲ್ಫಾನ್ ದಿಬ್ಬದ ಬುಡದಲ್ಲಿ ಬೈಕು ತಂದು ನಿಲ್ಲಿಸಿದ. ಮುಸಲ್ಲಂ ಎಂದಿನಂತೆ ಭಾವನನ್ನು ಎಳೆಯಲು ಹಗ್ಗ ಹಿಡಿದು ಕೆಳಗೇ ನಿಂತಿದ್ದ. ಖಲ್ಫಾನ್ ದೇವರ ಹೆಸರು ಹೇಳಿ ಆಕ್ಸಿಲರೇಟರ್ ಒತ್ತಿದ. ಬೈಕು ಏರಿತು. ಅರ್ಧ. ಮುಕ್ಕಾಲು. ಗೊರಗೊರ ಅನ್ನುವ ಜಾಗ ಬಂತು. ಗೊರಗೊರ ಅನ್ನಲಿಲ್ಲ! ಮೂತಿ ಆಕಾಶ ನೋಡಿತು, ಆಮೇಲೆ ಕೆಳಗಿನ ಬಿಡಾರ ನೋಡಿತು. ಖಲ್ಫಾನನ ಕಣ್ಣಲ್ಲಿ ನೀರು ಬಂತು. ಮರಳು ಹೋಗಿತ್ತು ಎಂದು ಆಮೇಲೆ ಹೇಳಿದ, ಆದರೆ ಅದು ಸುಳ್ಳು.

"ಬಾರಪ್ಪಾ, ಬಾ, ಕೂತ್ಕೋ!" ಅತ್ತೆ ನಿಜವಾಗಿಯೂ ಸಂತೋಷಪಟ್ಟರು. "ಏನ್ ಸಮಾಚಾರ?"

"ಏನೂ ಇಲ್ಲ ಅತ್ತೆ, ಎಲ್ಲಾ ಕ್ಷೇಮ." ಈ ಮಾತನ್ನು ಇಷ್ಟು ಸುಖವಾಗಿ ಅವನು ಜನ್ಮದಲ್ಲಿ ಹೇಳಿರಲಿಲ್ಲ.

ಮೊದಲನೇ ಬಟ್ಟಲು ಆಯಿತು. ಮುಸಲ್ಲಂ ಹಿಂದೆಯೇ ಬಂದು ತೆಪ್ಪಗೆ ಕೂತ. "ಈಗ ಹೇಳು, ಸಮಾಚಾರ?" ಎಂದರು ಅತ್ತೆ.

ಖಲ್ಫಾನ್ ಎದೆಯುಬ್ಬಿಸಿ ಹೇಳಿದ. ಹಲ್ಲು, ಚೈನು, ಒಂದಕ್ಕೆ ಮೂರರ ಲೆಕ್ಕ, ಎರಡು ಕಡೆಯ ಬಲ. ಅತ್ತೆ ಕೇಳುತ್ತಾ ಕೇಳುತ್ತಾ ಮುಂದೆ ಸರಿದು ಕೂತರು. ಮಗಳ ಗಂಡನಿಗಿರುವ ಕುತೂಹಲದ ರೋಗ ಅವರಿಗೂ ಇತ್ತು.

"ಅದು ಹೇಗಪ್ಪಾ? ತೋರ್ಸು ನೋಡೋಣ."

ತೋರಿಸುವುದೆಂದರೆ ಖಲ್ಫಾನನಿಗೆ ಪ್ರಾಣ. ಕಾಫಿ ಬಟ್ಟಲನ್ನು ಮುಂದಿನ ಚಕ್ರ ಮಾಡಿದ, ಪಾತ್ರೆಯ ಮುಚ್ಚಳವನ್ನು ಹಿಂದಿನ ಚಕ್ರ ಮಾಡಿದ. ಅತ್ತೆ ನೂಲುತ್ತಿದ್ದ ಆಡಿನ ಕೂದಲಿನ ದಾರವನ್ನು ಎರಡಕ್ಕೂ ಬಿಗಿಯಾಗಿ ಸುತ್ತಿದ. ಗುರುತಿಗೆ ಮುಚ್ಚಳದ ಅಂಚಿಗೆ ಒಂದು ಖರ್ಜೂರ ಅಂಟಿಸಿದ. ಬಟ್ಟಲು ಒಂದು ಸುತ್ತು ತಿರುಗಿದರೆ ಖರ್ಜೂರ ಸ್ವಲ್ಪವೇ ಸರಿಯಿತು.

"ನಿಧಾನ, ಆದ್ರೆ ಗಟ್ಟಿ. ಇದೇ ಎಳೆತ!" ಎಂದ.

"ಈಗ ಮುಂದೆ ದೊಡ್ಡದು ಇಡು."

ಪುಟ್ಟ ಬಟ್ಟಲು ತೆಗೆದು ಅದಕ್ಕಿಂತ ಅಗಲದ ನೀರಿನ ಲೋಟ ಇಟ್ಟ. ಒಂದು ಸುತ್ತಿಗೆ ಖರ್ಜೂರ ಮೊದಲಿಗಿಂತ ದೂರ ಓಡಿತು.

"ಓಹೋ, ಇದು ಬೇಗ ಓಡತ್ತೆ," ಎಂದರು ಅತ್ತೆ. "ಓಡೋ ಒಂಟೆ ಭಾರ ಎಳೆಯಲ್ಲ ಅಲ್ವೇನಪ್ಪ? ಹಾಗಾದ್ರೆ ಎಳೆತ ಕಮ್ಮಿ ಆಯ್ತು. ಈಗ ಹಿಂದೇನೂ ದೊಡ್ಡದು ಇಡು."

ಖಲ್ಫಾನನ ಕೈ ನಿಧಾನವಾಯಿತು. ಮುಚ್ಚಳ ತೆಗೆದು ಅದಕ್ಕಿಂತ ದೊಡ್ಡ ಊಟದ ತಟ್ಟೆ ಇಟ್ಟು, ಖರ್ಜೂರ ಅಂಟಿಸಿ, ಲೋಟ ತಿರುಗಿಸಿದ. ಖರ್ಜೂರ ಸ್ವಲ್ಪವೇ ಸರಿಯಿತು. ಮೊದಲು ಎಷ್ಟು ಸರಿದಿತ್ತೋ ಅಷ್ಟೇ.

ಆಡೊಂದು ಕೆಮ್ಮಿತು.

"ಮುಂದೆ ಒಂದು ಹಲ್ಲು ಹೆಚ್ಚಿಸಿ ಕಳ್ಕೊಂಡ ಎಳೆತಾನ ಹಿಂದೆ ಮೂರು ಹಲ್ಲು ಹೆಚ್ಚಿಸಿ ವಾಪಸ್ ತಗೊಂಡಿದ್ದೀಯ," ಎಂದರು ಅತ್ತೆ, ಮುಗ್ಧವಾಗಿ. "ಅಂದ್ರೆ ನಿನ್ನ ಬೈಕು ಹೋದ ವಾರ ಹೇಗಿತ್ತೋ ಹಾಗೇ ಇದೆ. ಸರಿ, ಆದ್ರೆ ನೀನು ಹತ್ತಿದ್ದು ಹೇಗೆ?"

ಖಲ್ಫಾನನೂ ಅದನ್ನೇ ಯೋಚಿಸುತ್ತಿದ್ದ. ಅಷ್ಟರಲ್ಲಿ ಸುತ್ತುದಾರಿಯಲ್ಲಿ ಜುವೈನಾಳ ಪಿಕಪ್ ಬಂತು. ಜೊತೆಗೆ ಕರೆತಂದ ತನ್ನ ಪುಟ್ಟ ಮಗುವನ್ನು ತಾಯಿಯ ಮಡಿಲಿಗೆ ಹಾಕಿ, ತಳ ಸೊಟ್ಟಾದ ಅನ್ನದ ಪಾತ್ರೆ ಇಳಿಸಿದಳು. ಆಮೇಲೆ ಇನ್ನೇನನ್ನೋ ಎರಡು ಕೈಯಲ್ಲಿ ದರದರ ಎಳೆದು ಹಾಕಿದಳು. ಧೊಪ್ಪೆಂದಿತು. ಆಡುಗಳು ಚದುರಿದವು.

"ಇದನ್ನ ಮನೇಲೇ ಬಿಟ್ಟು ಬಂದಿದ್ದೀರಿ! ಚಾಪೆ ಮೇಲಿದ್ದ ಸಾಮಾನೆಲ್ಲ ತುಂಬಿ ತಂದಿದ್ದೀನಿ. ನನ್ನ ಸೊಂಟ ಬಿತ್ತು. ಇದೇನ್ ಪೆಟ್ಟಿಗೇನಾ, ಹೋತಾನಾ?"

ಮುಸಲ್ಲಂ ಎದ್ದು ಪೆಟ್ಟಿಗೆ ಎತ್ತಿ ನೋಡಿದ, ಉಸಿರು ಬಿಟ್ಟು ಇಳಿಸಿದ. "ನನ್ನ ಬೈಕಲ್ಲಿ ಸ್ಪ್ರಾಕೆಟ್ಟೂ ಬದಲಾಯಿಸಿಲ್ಲ, ಏನೂ ಇಲ್ಲ ಭಾವ. ಬೆನ್ನಿಗೆ ಗ್ಯಾರೇಜು ಕಟ್ಕೊಂಡು ದಿಬ್ಬ ಹತ್ತಲ್ಲ, ಅಷ್ಟೇ."

"ಗೊತ್ತಿತ್ತಾ ನಿಂಗೆ? ಒಂದು ಮಾತು ಹೇಳಬಾರ್ದಿತ್ತೇನೋ!"

"ಹೇಳಿದ್ರೆ ನನ್ನ ಮೊದಲನೇ ಬಟ್ಟಲು ಹೋಗ್ತಿತ್ತಲ್ಲ!"

ಜುವೈನಾಳಿಗೆ ಒಂದೂ ಅರ್ಥವಾಗಲಿಲ್ಲ. ತಲೆವಸ್ತ್ರದ ಅಂಚಿನಿಂದ ಮುಖ ಒರೆಸಿಕೊಂಡು ಕೂತು, ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿದಳು: "ಏನ್ರೀ ಸಮಾಚಾರ?"

ಮುಸಲ್ಲಂ ಬಾಯಿ ತೆರೆದ. ಅತ್ತೆ ಕೈ ಅಡ್ಡ ಹಿಡಿದು ತಡೆದರು. "ನೀನು ಸುಮ್ನಿರು. ಇವತ್ತು ಮೊದಲು ಬಂದಿರೋದು ಅಳಿಯ. ಸುದ್ದಿ ಅವನದು, ಅವನೇ ಹೇಳ್ಬೇಕು."

ಖಲ್ಫಾನ್ ಪೆಟ್ಟಿಗೆ ನೋಡಿದ, ಪಾತ್ರೆ ನೋಡಿದ, ತಟ್ಟೆಯ ಅಂಚಿನ ಖರ್ಜೂರ ನೋಡಿದ. ಗಂಟಲು ಸರಿಮಾಡಿಕೊಂಡ.

"ಏನೂ ಇಲ್ಲ ಕಣೇ, ಎಲ್ಲಾ ಕ್ಷೇಮ."

ಅತ್ತೆ ಮಗಳ ಕೈಗೆ ಕಾಫಿ ಬಟ್ಟಲು ಕೊಟ್ಟರು. "ಬೇಗ ಕುಡಿಯಮ್ಮ," ಎಂದರು. "ನೀನು ಕುಡಿದು ಮುಗಿಸಿದ ಮೇಲೆ ಅವನು ಪೂರ್ತಿ ಹೇಳ್ತಾನೆ."