ತಕ್ಕಡಿರಾಯರ ಬ್ಯಾಟರಿ ಉಬ್ಬಿದ್ದು

"ಅತ್ತೆ, ಬರೆದಿಟ್ಕೊಳ್ಳಿ! ಈ ಸಲ ನಿಮ್ಮ ಮಗಳನ್ನ ಸೋಲಿಸದೇ ಬಿಟ್ರೆ ನನ್ನ ಹೆಸರೇ ಬದಲಾಯಿಸಿ!"

ಅಡುಗೆಮನೆಯ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು ಹೀಗೆ ಘೋಷಿಸಿದವರು ನಮ್ಮ ತಕ್ಕಡಿರಾಯರು. ಈರುಳ್ಳಿ ಹೆಚ್ಚುತ್ತಿದ್ದ ಅತ್ತೆ ತಲೆಯನ್ನೂ ಎತ್ತಲಿಲ್ಲ.

"ಇರೋ ಹೆಸರಲ್ಲೇ ನಿಮ್ಮನ್ನ ಯಾರೂ ಕರೆಯಲ್ಲ ಅಳಿಯಂದ್ರೇ. ಬದಲಾಯಿಸಿದ್ರೆ ಯಾರಿಗೆ ಗೊತ್ತಾಗ್ಬೇಕು?"

ಮಾತು ನಿಜವೇ. ಪಾರ್ಸೆಲ್ ಕಚೇರಿಯ ತೂಕದ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತು ಕೂತು, ರಾಯರ ಹೆಸರನ್ನು ಆ ತಕ್ಕಡಿಯೇ ನುಂಗಿ ನೀರು ಕುಡಿದಿತ್ತು. ಯಾವ ಪೊಟ್ಟಣವನ್ನಾದರೂ ಕೊಡಿ, ಅಂಗೈಯಲ್ಲಿ ಎರಡು ಸಲ ಕುಲುಕಿ ಗ್ರಾಮಿನ ಲೆಕ್ಕದಲ್ಲಿ ತೂಕ ಹೇಳಿಬಿಡುತ್ತಿದ್ದರು. ಆಮೇಲೆ ಯಂತ್ರವೂ ಅದನ್ನೇ ಹೇಳುತ್ತಿತ್ತು, ಪಾಪ, ಅದಕ್ಕಾದರೂ ಬೇರೆ ದಾರಿ ಏನಿದೆ! "ಜನ ಸುಳ್ಳು ಹೇಳ್ತಾರೆ, ಅಂಟಿಸಿದ ಚೀಟೀನೂ ಸುಳ್ಳು ಹೇಳತ್ತೆ. ತೂಕ ಮಾತ್ರ ಸುಳ್ಳು ಹೇಳಲ್ಲ" ಎಂದು ದಿನಕ್ಕೆ ನಾಲ್ಕು ಸಲವಾದರೂ ಅನ್ನುತ್ತಿದ್ದರು.

ಇಂಥ ರಾಯರ ಮಡದಿ ಕ್ರೇನ್ ಆಪರೇಟರ್. ಒಂದಿಡೀ ದಿನದ ಬಸ್ ಪ್ರಯಾಣದಷ್ಟು ದೂರದಲ್ಲಿ ಒಂದು ದೊಡ್ಡ ನದಿಗೆ ಸೇತುವೆ ಕಟ್ಟುತ್ತಿದ್ದರು. ಅಲ್ಲಿ ನೀರಿಗೂ ಆಕಾಶಕ್ಕೂ ನಡುವಿನ ಗಾಜಿನ ಗೂಡಿನಲ್ಲಿ ಕೂತು, ಬೆರಳ ತುದಿಯಲ್ಲಿ ಉಕ್ಕಿನ ತೊಲೆಗಳನ್ನು ಎತ್ತಿ ಇಳಿಸುವುದು ಅವಳ ಕೆಲಸ. ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ರಜೆ. ಆ ನಾಲ್ಕು ದಿನ ಗಂಡ ಹೆಂಡಿರಿಗೆ ಒಂದೇ ಹುಚ್ಚು, ತಾರಸಿಯ ಮೇಲೆ ರಿಮೋಟ್ ಕಾರಿನ ರೇಸು! ಅವಳದು ಕೆಂಪು ಕಾರು, ಇವರದು ಹಸಿರು. ಎರಡು ನೀರಿನ ಟ್ಯಾಂಕುಗಳನ್ನು ಬಳಸಿ ಹತ್ತು ಸುತ್ತು. ಇದುವರೆಗೆ ಹದಿನೇಳು ರೇಸು ನಡೆದಿದ್ದವು, ರಾಯರು ಹದಿನೇಳನ್ನೂ ಸೋತಿದ್ದರು. ಟನ್ನುಗಟ್ಟಲೆ ತೊಲೆಯನ್ನು ಕೂದಲೆಳೆಯಷ್ಟೂ ಅಲುಗಿಸದೆ ಇಳಿಸುವ ಬೆರಳುಗಳ ಮುಂದೆ ಪೊಟ್ಟಣ ಕುಲುಕುವ ಬೆರಳುಗಳು ಏನು ಮಾಡಿಯಾವು?

ಹೋದ ಸಲ ಬಸ್ ಹತ್ತುವಾಗ ಅವಳು ಕಿಟಕಿಯಿಂದ ತಲೆ ಹೊರಹಾಕಿ ಒಂದು ಮಾತು ಹೇಳಿದಳು.

"ರೀ, ಮುಂದಿನ ಸಲ ನೀವು ಒಂದೇ ಒಂದು ರೇಸ್ ಗೆದ್ರೆ, ಆ ಸೇತುವೆ ಬಿಟ್ಟು ಇಲ್ಲಿನ ಯಾರ್ಡಿಗೆ ವರ್ಗ ಕೇಳ್ತೀನಿ."

ಅವಳ ಕಂಪನಿಗೆ ಊರಂಚಿನಲ್ಲೇ ಒಂದು ಗೋದಾಮಿನ ಯಾರ್ಡ್ ಇತ್ತು. ಮನೆಯಿಂದ ಅರ್ಧ ಗಂಟೆ. ಅವಳು ನಕ್ಕುಕೊಂಡೇ ಹೇಳಿದಳು, ಬಸ್ಸು ಹೊರಟಿತು. ಆದರೆ ರಾಯರು ನಗಲಿಲ್ಲ. ಅರ್ಧ ಗಂಟೆ! ಬೆಳಿಗ್ಗೆ ಹೋದವಳು ಸಂಜೆ ಮನೆಯಲ್ಲಿ! ಮದುವೆಯಾಗಿ ಆರು ವರ್ಷವಾಗಿತ್ತು, ಅವಳ ಜೊತೆ ಸತತವಾಗಿ ಒಂದು ವಾರ ಕಾಫಿ ಕುಡಿದಿದ್ದಿಲ್ಲ. ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಬರುವಷ್ಟರಲ್ಲಿ ಅವರು ನಿರ್ಧರಿಸಿಬಿಟ್ಟಿದ್ದರು.

ಸೋಲಿಗೆ ಕಾರಣವನ್ನೂ ಪತ್ತೆ ಹಚ್ಚಿದರು. ಬೆರಳು ಅಲ್ಲವೇ ಅಲ್ಲ, ಬ್ಯಾಟರಿ! ಹಸಿರು ಕಾರಿನ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಹಳತಾಗಿ, ಎಂಟನೇ ಸುತ್ತಿಗೇ ಏದುಸಿರು ಬಿಡುತ್ತಿತ್ತು. ಅವಳು ಬರುವ ವಾರ ಹತ್ತಿರವಾಗುತ್ತಲೇ ಜೇಬಿನಲ್ಲಿ ಪುಟ್ಟ ತೂಕದ ಯಂತ್ರ ಇಟ್ಟುಕೊಂಡು ಆಟದ ಕಾರುಗಳ ಅಂಗಡಿಗೆ ದಂಡಯಾತ್ರೆ ಹೊರಟರು.

ಅಂಗಡಿಯಾತ ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಮೂರು ಬ್ಯಾಟರಿ ಮುಂದಿಟ್ಟ. ಒಂದು, ಹೆಸರುವಾಸಿ ಕಂಪನಿಯದು, ಬೆಲೆ ಕೇಳಿದರೆ ತಲೆ ತಿರುಗಬೇಕು. ಇನ್ನೊಂದು ಚಿನ್ನದ ಬಣ್ಣದ್ದು, ಬಲು ಅಗ್ಗ, ಮೇಲೆ ಎಂಟು ಸಾವಿರ ಎಂ.ಎ.ಎಚ್. ಎಂದು ಬೆರಳುದ್ದದ ಅಕ್ಷರ. ಮೂರನೆಯದು ಅಲಂಕಾರವಿಲ್ಲದ ನೀಲಿ ಬ್ಯಾಟರಿ, ನಡುಬೆಲೆ, ಐದು ಸಾವಿರ ಎಂ.ಎ.ಎಚ್.

"ಎಲ್ರೂ ಆ ಚಿನ್ನದ್ದೇ ಕೇಳ್ತಾರೆ ಸರ್. ಎಂಟು ಸಾವಿರ ನೋಡಿ, ಎಷ್ಟು ಹೊತ್ತು ಓಡತ್ತೆ!"

ರಾಯರು ಮುಗುಳ್ನಕ್ಕರು. ಚಿನ್ನದ್ದನ್ನು ಅಂಗೈಯಲ್ಲಿಟ್ಟು ಎರಡು ಸಲ ಕುಲುಕಿದರು.

"ನೂರ ತೊಂಬತ್ತು ಗ್ರಾಂ."

ನೀಲಿಯದನ್ನು ಕುಲುಕಿದರು. "ಇನ್ನೂರ ಎಪ್ಪತ್ತು."

ಯಂತ್ರ ಹೊರಗೆ ತೆಗೆದು ಸಾಬೀತು ಮಾಡಿದರು. ಅಂಗಡಿಯಾತನ ಭೂತಗನ್ನಡಿ ಹಣೆಯಿಂದ ಜಾರಿ ಮೂಗಿನ ಮೇಲೆ ಬಂತು.

"ಹೊಟ್ಟೆಯಲ್ಲಿ ಸರಕು ಹೆಚ್ಚಿದ್ರೆ ತೂಕ ಹೆಚ್ಚಿರಬೇಕಲ್ವೇನ್ರೀ? ಎಂಟು ಸಾವಿರದ್ದು ಐದು ಸಾವಿರಕ್ಕಿಂತ ಹಗುರ ಅಂದ್ರೆ ಏನರ್ಥ? ಅಂಟಿಸಿರೋ ಚೀಟಿ ಬರೀ ಬೊಗಳೆ! ನೀಲಿಯದು ಕಟ್ಟಿಕೊಡಿ."

"ಇಷ್ಟು ವರ್ಷದಲ್ಲಿ ಹೀಗೆ ಆರಿಸಿದ ಗಿರಾಕಿ ನೀವೊಬ್ರೇ ಸರ್," ಅಂಗಡಿಯಾತ ಮನಸಾರೆ ಹೇಳಿದ. ಅಲ್ಲಿಗೆ ರಾಯರ ಕಾಲು ನೆಲ ಬಿಟ್ಟಿತು. ಅವರು ಬಾಗಿಲು ದಾಟುವಾಗ ಆತ ಹಿಂದಿನಿಂದ ಕೂಗಿದ, "ಸರ್, ಓಡಿಸದೇ ಇಡೋವಾಗ ಒಂದು ವಿಷಯ..."

"ಗೊತ್ತು ಬಿಡ್ರೀ!" ಎಂದು ರಾಯರು ತಿರುಗಿಯೂ ನೋಡದೆ ಕೈ ಬೀಸಿದರು. ಅಯ್ಯೋ, ಆ ಒಂದು ನಿಮಿಷ ನಿಂತು ಕೇಳಿದ್ದರೆ ನಾನು ಈ ಕಥೆ ಹೇಳುವ ಹಾಗೇ ಇರಲಿಲ್ಲ!

ಮನೆಗೆ ಬಂದವರೇ ಹಸಿರು ದೀಪ ಹತ್ತುವವರೆಗೆ ಬ್ಯಾಟರಿಗೆ ಚಾರ್ಜ್ ತುಂಬಿ, ಫ್ರಿಜ್ಜಿನ ತಲೆಯ ಮೇಲೆ ಸಿಂಹಾಸನಾರೂಢ ಮಾಡಿದರು. ಅವಳು ಬರುವ ಕ್ಷಣಕ್ಕೆ ತುಂಬಿ ತುಳುಕುತ್ತಿರಬೇಕು, ಒಂದು ಹನಿ ಕಡಿಮೆಯಾಗಕೂಡದು!

ಅವಳು ಬರಬೇಕಾಗಿದ್ದ ವಾರ ಬಂತು, ಅವಳು ಬರಲಿಲ್ಲ. ಫೋನು ಬಂತು. ಗಾಜಿನ ಗೂಡಿನ ಹೊರಗೆ ಗಾಳಿ ಹೊಯ್ಯುವ ಸದ್ದಿನ ನಡುವೆ ಅವಳ ದನಿ.

"ಈ ವಾರ ಆಗಲ್ಲ ರೀ. ಹೊಸ ಆಪರೇಟರ್ ಬಂದಿದ್ದಾರೆ, ಅವರಿಗೆ ಕಲಿಸಬೇಕು. ಬೇಜಾರಾ?"

"ಛೇ ಛೇ, ನನಗೇನು ಬೇಜಾರು! ಆರಾಮಾಗಿ ಬಾ."

ಫೋನಿಟ್ಟ ರಾಯರು ನೆಟ್ಟಗೆ ಫ್ರಿಜ್ಜಿನ ಬಳಿ ಹೋದರು. ಬ್ಯಾಟರಿಯನ್ನು ಇಳಿಸಿ ಮತ್ತೆ ಚಾರ್ಜಿಗೆ ಹಾಕಿದರು. ಮುಂದಿನ ವಾರವೂ ಅದೇ ಫೋನು, ಅದೇ ಹೊಸ ಆಪರೇಟರ್, ಅದೇ "ಛೇ ಛೇ". ಅದರ ಮುಂದಿನ ವಾರವೂ ಹಾಗೇ. ಅವಳು ಬರುವುದು ಮುಂದಕ್ಕೆ ಹೋದಾಗಲೆಲ್ಲ ಇವರು ಹಸಿರು ದೀಪ ಹತ್ತಿಸುತ್ತಿದ್ದರು.

ಭಾನುವಾರಗಳನ್ನು ಕಳೆಯುವುದೇ ಕಷ್ಟವಾಗಿತ್ತು. ಹಳೆಯ ಬ್ಯಾಟರಿಗಳನ್ನು ಹಾಕಿ, ಎರಡೂ ಕಾರು ತಗೊಂಡು ತಾರಸಿಗೆ ಹೋಗಿ, ಕೈಗೊಂದು ರಿಮೋಟ್ ಹಿಡಿದು ಒಬ್ಬರೇ ರೇಸು ನಡೆಸುತ್ತಿದ್ದರು. ಅವಳ ರಿಮೋಟಿನ ಪುಟ್ಟ ಚಕ್ರ ಅವಳ ಬೆರಳು ತಾಗಿ ತಾಗಿ ನುಣುಪಾಗಿತ್ತು. ಅದನ್ನು ಹಿಡಿದಾಗ ರಾಯರಿಗೆ ಅವಳ ನೆನಪು ಉಕ್ಕಿ ಬರುತ್ತಿತ್ತು. ಒಬ್ಬರೇ ಆಡುವಾಗಲೂ ಕೊನೆಯ ಸುತ್ತಿನಲ್ಲಿ ಹಸಿರು ಕಾರನ್ನು ಕೊಂಚ ತಡೆದು ಕೆಂಪು ಕಾರನ್ನೇ ಗೆಲ್ಲಿಸುತ್ತಿದ್ದರು. ಅತ್ತೆ ಮೆಟ್ಟಿಲಲ್ಲಿ ನಿಂತು ನೋಡಿ ಕೆಳಗೆ ಹೋಗುತ್ತಿದ್ದರು. ಅವರದೂ ಕಡಿಮೆಯಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಮಗಳ ಬೆಡ್‌ಶೀಟ್ ಒಗೆದು ಒಣಗಿಸುತ್ತಿದ್ದರು, ಯಾರೂ ಮಲಗದ ಬೆಡ್‌ಶೀಟನ್ನು.

ನಾಲ್ಕನೇ ವಾರ ಫ್ರಿಜ್ಜಿನ ಧೂಳು ಒರೆಸುತ್ತಿದ್ದ ಅತ್ತೆ ಕೂಗಿದರು.

"ಅಳಿಯಂದ್ರೇ! ನಿಮ್ಮ ಬ್ಯಾಟರಿಗೆ ಹೊಟ್ಟೆ ಬಂದಿದೆ!"

"ಏನಿಲ್ಲ ಅತ್ತೆ, ನಿಮ್ಮ ಕಣ್ಣಿಗೆ ಹಾಗೆ ಕಾಣತ್ತೆ."

"ನನ್ನ ಕಣ್ಣಿಗೆ ಏನಾಗಿದೆ? ಚಪ್ಪಟೆ ಇದ್ದದ್ದು ದಿಂಬಿನ ಹಾಗಾಗಿದೆ, ನೋಡ್ಬಾರ್ದಾ?"

ರಾಯರು ನೋಡಲಿಲ್ಲ, ತೂಗಿದರು! ಇನ್ನೂರ ಎಪ್ಪತ್ತು ಗ್ರಾಂ. ಕೊಂಡ ದಿನ ಎಷ್ಟಿತ್ತೋ ಅಷ್ಟೇ.

"ನೋಡಿ, ಒಂದು ಗ್ರಾಮೂ ಹೆಚ್ಚಿಲ್ಲ. ತೂಕ ಹೆಚ್ಚದೆ ದಪ್ಪ ಆದವರನ್ನ ಎಲ್ಲಾದ್ರೂ ಕಂಡಿದ್ದೀರಾ? ತೂಕ ಸುಳ್ಳು ಹೇಳಲ್ಲ ಅತ್ತೆ."

"ತೂಕ ಸುಳ್ಳು ಹೇಳಲ್ಲ ಸರಿ, ಕಣ್ಣಿಗೇನು ಸುಳ್ಳು ಹೇಳೋ ಚಟವಾ?" ಎಂದು ಅತ್ತೆ ಗೊಣಗುತ್ತ ಬಟ್ಟೆ ಹಿಂಡಿದರು.

ಐದನೇ ಭಾನುವಾರ ಬೆಳಿಗ್ಗೆ ಮನೆ ಮುಂದೆ ಆಟೋ ನಿಂತಿತು. ಬಂದೇಬಿಟ್ಟಳು! ಬಿಸಿಲಿಗೆ ಕಪ್ಪಾಗಿದ್ದಳು, ನಗುತ್ತಿದ್ದಳು. ರಾಯರು ಓಡಿದ ರಭಸಕ್ಕೆ ಒಂದು ಚಪ್ಪಲಿ ಹೊಸಿಲಲ್ಲೇ ಉಳಿಯಿತು. ಸದಾ ಒಂದು ಬ್ಯಾಗಿನಲ್ಲಿ ಬರುತ್ತಿದ್ದವಳು ಈ ಸಲ ಎರಡು ಕಬ್ಬಿಣದ ಪೆಟ್ಟಿಗೆ ತಂದಿದ್ದಳು. ರಾಯರು ಎರಡನ್ನೂ ಎತ್ತಿದರು.

"ಇದು ಮೂವತ್ತೊಂದು ಕಿಲೋ, ಅದು ಇಪ್ಪತ್ತೆರಡು. ನಾಲ್ಕು ದಿನಕ್ಕೆ ಏನೇನು ಹೊತ್ಕೊಂಡು ಬಂದಿದೀಯೇ? ಇರಲಿ, ನಡಿ ತಾರಸಿಗೆ!"

"ಮುಖ ತೊಳ್ಕೊಳ್ಳೋಕಾದ್ರೂ ಬಿಡ್ರೀ!"

ಅತ್ತೆ ಮಾತ್ರ ಪೆಟ್ಟಿಗೆಗಳನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಬೀರುವಿನ ಎರಡು ಖಾನೆ ಖಾಲಿ ಮಾಡತೊಡಗಿದರು. ರಾಯರಿಗೆ ಅದು ಕಾಣಲಿಲ್ಲ. ಅವರು ಕೋಣೆಯ ಬಾಗಿಲು ಹಾಕಿಕೊಂಡು, ನೀಲಿ ಬ್ಯಾಟರಿಯನ್ನು ಹಸಿರು ಕಾರಿನೊಳಗೆ ತುರುಕುವ ಸಾಹಸದಲ್ಲಿದ್ದರು. ಅದು ಹಿಡಿಸಲಿಲ್ಲ. ಒತ್ತಿ ಕೂರಿಸಿದರು. ಮುಚ್ಚಳ ಕೂರಲಿಲ್ಲ, ನಾಲ್ಕು ರಬ್ಬರ್ ಬ್ಯಾಂಡ್ ಹಾಕಿ ಬಿಗಿದರು.

ತಾರಸಿಯಲ್ಲಿ ಬಕೆಟ್ ಬೋರಲು ಹಾಕಿ ಕೂತ ಅತ್ತೆಯೇ ಅಂಪೈರು. "ಒಂದು, ಎರಡು, ಹೊರಡಿ!"

ಹಸಿರು ಕಾರು ಬಾಣದಂತೆ ಚಿಮ್ಮಿತು. ಮೊದಲ ಸುತ್ತು ರಾಯರೇ ಮುಂದೆ! ಮೂರನೇ ಸುತ್ತು, ರಾಯರೇ ಮುಂದೆ! ಆರನೆಯದೂ ಅವರದೇ! ಹದಿನೇಳು ರೇಸಿನಲ್ಲಿ ಕೆಂಪು ಕಾರಿನ ಬೆನ್ನನ್ನಷ್ಟೇ ನೋಡಿದ್ದ ಮನುಷ್ಯ, ಇಂದು ತಿರುಗಿ ಅದರ ಮುಖ ನೋಡುತ್ತಿದ್ದಾರೆ! ಎಂಟು ಮುಗಿಯಿತು. ಅರ್ಧ ಗಂಟೆ ದೂರದ ಯಾರ್ಡು, ದಿನಾ ಸಂಜೆಯ ಕಾಫಿ, ಎಲ್ಲ ಇನ್ನೆರಡೇ ಸುತ್ತಿನಾಚೆ!

ಒಂಬತ್ತನೇ ಸುತ್ತಿನಲ್ಲಿ ಗಾಳಿಯಲ್ಲಿ ಏನೋ ಸಿಹಿ ಸಿಹಿ ವಾಸನೆ.

"ಅಳಿಯಂದ್ರೇ, ನಿಮ್ಮ ಕಾರು ಬೀಡಿ ಸೇದ್ತಾ ಇದೆ!" ಅತ್ತೆ ಬಕೆಟ್ಟಿನಿಂದ ಎದ್ದರು.

ಫಟ್! ರಬ್ಬರ್ ಬ್ಯಾಂಡುಗಳು ನಾಲ್ಕು ದಿಕ್ಕಿಗೆ ಹಾರಿದವು. ಬುಸ್ಸೆಂದು ಬಿಳಿ ಹೊಗೆ, ಅದರ ಹಿಂದೆಯೇ ಬೆಂಕಿ! ಕಾರು ನಿಂತಿತೇ? ಎಲ್ಲಿ ನಿಂತೀತು! ಹೊತ್ತಿ ಉರಿಯುತ್ತಲೇ ದಾರಿ ತಪ್ಪಿ, ಒಣಹಾಕಿದ್ದ ಮಗಳ ಬೆಡ್‌ಶೀಟಿನೊಳಗೆ ನುಗ್ಗಿತು. ರಾಯರು "ಇನ್ನೊಂದೇ ಸುತ್ತು!" ಎಂದು ಅದರ ಹಿಂದೆ ಓಡಿದರು.

"ಮುಟ್ಟಬೇಡಿ! ಹೊಗೆ ಹತ್ರ ಹೋಗ್ಬೇಡಿ, ಹಿಂದೆ ಬನ್ನಿ!" ಮಡದಿ ಅವರ ಅಂಗಿ ಹಿಡಿದು ಎಳೆದಳು. ಟ್ಯಾಂಕ್ ರಿಪೇರಿಗೆಂದು ತಂದು ಉಳಿದಿದ್ದ ಮರಳಿನ ರಾಶಿಯಿಂದ ಬಕೆಟ್ ತುಂಬಿ, ದೂರದಿಂದಲೇ ಸುರಿದಳು. ಒಂದು, ಎರಡು, ಆರು ಬಕೆಟ್. ಬುಸುಗುಟ್ಟಿ ಬುಸುಗುಟ್ಟಿ ಕೊನೆಗೆ ಎಲ್ಲ ತಣ್ಣಗಾಯಿತು. ಮರಳಿನ ಗುಡ್ಡೆಯಿಂದ ಒಂದು ಹಸಿರು ಚಕ್ರ ಮಾತ್ರ ಇಣುಕುತ್ತಿತ್ತು.

"ಅದನ್ನ ಎಷ್ಟು ದಿನದಿಂದ ಫುಲ್ ಚಾರ್ಜ್ ಮಾಡಿ ಇಟ್ಟಿದ್ರಿ?" ಅವಳು ಕೇಳಿದಳು.

"ಐದು ವಾರದಿಂದ."

"ಐದು ವಾರ! ಲಿಪೋನ ಹಾಗೆ ತುಂಬಿಸಿ ವಾರಗಟ್ಟಲೆ ಕಾಯಿಸಿದ್ರೆ ಉಬ್ಬತ್ತೆ ರೀ! ಓಡಿಸದೇ ಇರೋವಾಗ ಅರ್ಧ ಚಾರ್ಜಲ್ಲಿ ಇಡಬೇಕು. ಉಬ್ಬಿದ್ಮೇಲೆ ಮುಟ್ಟಲೇಬಾರದು. ಅಂಗಡಿಯವರು ಹೇಳಲಿಲ್ವಾ?"

ರಾಯರು ಇಂಗು ತಿಂದ ಮಂಗನ ಹಾಗೆ ನಿಂತರು. ಆಮೇಲೆ ಅಳುದನಿಯಲ್ಲಿ ಅಂದರು.

"ನೀನು ಈ ವಾರ ಬರ್ತೀಯ, ಈ ವಾರ ಬರ್ತೀಯ ಅಂತ ತುಂಬಿಸಿಡ್ತಾ ಇದ್ದೆ ಕಣೇ. ಅರ್ಧ ಮನಸ್ಸಲ್ಲಿ ಕಾಯೋಕೆ ನಂಗೆ ಬರಲಿಲ್ಲ. ಇವತ್ತು ಗೆದ್ದಿದ್ರೆ ನೀನು ಇಲ್ಲೇ ಇರ್ತಿದ್ದೆ. ಇನ್ನೊಂದೇ ಸುತ್ತು ಬಾಕಿ ಇತ್ತು..."

ಅವಳು ಮರಳು ಮೆತ್ತಿದ ಕೈಯಿಂದಲೇ ಜೇಬಿಗೆ ಕೈಹಾಕಿ ಮಡಚಿದ ಒಂದು ಕಾಗದ ತೆಗೆದಳು. ಊರಂಚಿನ ಯಾರ್ಡಿಗೆ ವರ್ಗದ ಆದೇಶ. ಸೋಮವಾರದಿಂದ ಕೆಲಸಕ್ಕೆ ಹಾಜರಾಗಬೇಕು.

"ಹೊಸ ಆಪರೇಟರ್ ಬಂದಿದ್ದು ನನ್ನ ಜಾಗಕ್ಕೇ ರೀ. ಹೋದ ಸಲ ಅಲ್ಲಿಗೆ ತಲುಪಿದ ದಿನವೇ ಅರ್ಜಿ ಕೊಟ್ಟೆ. ನೀವು ಗೆಲ್ಲೋ ತನಕ ಕಾಯ್ತಾ ಕೂತಿದ್ರೆ ನಾನು ಆ ಕ್ರೇನ್ ಮೇಲೇ ರಿಟೈರಾಗ್ತಿದ್ದೆ!"

ರಾಯರು ಕಾಗದ ಇಸಿದುಕೊಂಡು ಎರಡೆರಡು ಸಲ ಓದಿದರು.

"ಐವತ್ಮೂರು ಕಿಲೋ ಪೆಟ್ಟಿಗೆ ಎತ್ತಿ ಇಳಿಸಿದ್ರಲ್ಲ ಅಳಿಯಂದ್ರೇ, ತೂಕ ಏನೂ ಹೇಳಲಿಲ್ವಾ?" ಅತ್ತೆ ಕೇಳಿದರು.

ಸಂತೋಷಕ್ಕೆ ರಾಯರಿಗೆ ಕಣ್ಣು ಮಂಜಾಯಿತು. ಆದರೂ ಜಂಬ ಅಷ್ಟು ಸುಲಭಕ್ಕೆ ಸಾಯುವ ಜಾತಿಯದಲ್ಲ. ಮೂಗು ಒರೆಸಿಕೊಂಡು ಗಂಟಲು ಸರಿಮಾಡಿಕೊಂಡರು.

"ಅದೇನೇ ಇರಲಿ, ಎಂಟು ಸುತ್ತು ನಾನೇ ಮುಂದಿದ್ದೆ. ಅದಂತೂ ಒಪ್ಕೋ!"

ಮಡದಿ ಅವರ ಮುಖವನ್ನೇ ನೋಡಿದಳು. ಅವಳಿಗೂ ಕಣ್ಣು ತುಂಬಿತ್ತು, ನಗುವೂ ತಡೆಯಲಾಗಲಿಲ್ಲ.

"ಹೇಗೂ ಬಂದಾಯ್ತು, 'ನಾನು ಗೆದ್ದದ್ದಕ್ಕೇ ಇವಳು ಬಂದಳು' ಅಂತ ಜಂಬ ಕೊಚ್ಕೊಳ್ಳಲಿ ಪಾಪ ಅಂತ, ಮೊದಲನೇ ಸುತ್ತಿಂದ ನಿಧಾನಕ್ಕೇ ಓಡಿಸ್ತಾ ಇದ್ದೆ ಕಣ್ರೀ. ನಾನೇ ಗೆಲ್ಲಿಸೋಕೆ ಹೊರಟ್ರೂ ಸೋತ್ರಲ್ಲ!"