ಗಣಿಮಣ್ಣು, ಗಂಧಕದ ಹೊಗೆ ಮತ್ತು ನಾನು

ಕುಮಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು. ತಾಮ್ರ ಕರಗಿಸುವ ಕಾರ್ಖಾನೆಯ ಹೊಗೆಯಲ್ಲಿ ಉಸಿರು ಕಟ್ಟಿಸುವ ಗಂಧಕದ ಅನಿಲ ಇರುತ್ತದೆ. ಮ್ಯಾಂಗನೀಸ್ ಗಣಿಯವರು ಬಿಸಾಡುವ ಕಪ್ಪು ಮಣ್ಣನ್ನು ನೀರಲ್ಲಿ ಕದಡಿ ಆ ಹೊಗೆ ಹಾಯಿಸಿದರೆ, ಮಣ್ಣು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದೇ ನನ್ನ ಸಂಶೋಧನೆ. ಇಂಥ ಕೆಲಸಕ್ಕೆ ಕೈ ಹಾಕಿದವನನ್ನು ಊರು ಸುಮ್ಮನೆ ಬಿಡುವುದಿಲ್ಲ.

ಮಣ್ಣಿನ ಮೂಟೆ

ಗಣಿಯಿಂದ ಒಂದು ಮೂಟೆ ಮಣ್ಣು ತಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಆಟೋದವ ಅದನ್ನು ಎತ್ತಿ ಬೆವೆತುಹೋದ.

"ಎಂತ ಮಾರಾಯ್ರೆ, ಕಲ್ಲು ತುಂಬಿದ್ರಾ?"

"ಅಲ್ಲ, ಗಣಿಯವರು ಬಿಸಾಡಿದ ಮಣ್ಣು."

ಅವನು ಆಟೋ ಹೊರಡಿಸಿದ. ಅರ್ಧ ದಾರಿಯಲ್ಲಿ ಹಿಂದೆ ತಿರುಗಿ ಕೇಳಿದ: "ಕುಮಟೆ ಮಣ್ಣು ನಿಮಗೆ ಎಂತ ಮಾಡಿತ್ತು ಸರ್?"

ಅತ್ತೆಯ ಮಲ್ಲಿಗೆ

ಆ ಮೂಟೆಯನ್ನು ಜಗಲಿಯಲ್ಲಿಟ್ಟು ಕಾಲೇಜಿನ ಪರೀಕ್ಷೆ ಕೆಲಸಕ್ಕೆಂದು ಹೊನ್ನಾವರಕ್ಕೆ ಹೋದೆ. ಭಟ್ಕಳದಿಂದ ಅತ್ತೆ, ಮಾವ ಬಂದಿದ್ದರು. ಸಂಜೆ ಬಂದು ನೋಡಿದರೆ ಮೂಟೆ ಅರ್ಧ ಖಾಲಿ. ಮಲ್ಲಿಗೆ ಕುಂಡಗಳೆಲ್ಲ ಕಪ್ಪು.

"ಗೊಬ್ಬರ ತಂದಿಟ್ರಿ, ಹಾಕೂಕೆ ನಿಮಗೆ ಪುರಸೊತ್ತಿಲ್ಲ. ನಾನೇ ಹಾಕ್ದೆ" ಎಂದರು ಅತ್ತೆ.

"ಅಯ್ಯೋ ಅತ್ತೆ, ಅದು ಗೊಬ್ಬರ ಅಲ್ಲ. ಹೊಗೆ ಹಿಡಿಯೋ ಮಣ್ಣು!"

ಅತ್ತೆ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಮಾವನ ಕಡೆ ನೋಡಿ, "ಹಂಗಾದ್ರೆ ಉಳಿದದ್ದೂ ಇಲ್ಲೇ ಇರ್ಲಿ" ಎಂದರು.

ಅತಿಥಿಯ ಮೂಗು

ಕೊನೆಗೆ ಬಯಲುಸೀಮೆ ಕಡೆಯ ಕಾರ್ಖಾನೆಯೊಂದರ ಎಂಜಿನಿಯರು ಪ್ರಯೋಗ ನೋಡಲು ಕಾಲೇಜಿಗೆ ಬಂದರು. ಅವರು ಒಪ್ಪಿದರೆ ಅವರ ಚಿಮಣಿಯಲ್ಲೇ ಪರೀಕ್ಷೆ. ಇಲ್ಲದಿದ್ದರೆ ನನ್ನ ಇಷ್ಟು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು. ನಾನು ಬಾಯಿ ತೆರೆಯುವ ಮೊದಲೇ ಅವರು ಹೊಗೆ ಹೊರಬರುವ ಕೊಳವೆಯ ತುದಿಗೆ ಮೂಗು ಹಿಡಿದು, "ವಾಸನೆಯೇ ಇಲ್ಲ! ಅದ್ಭುತ!" ಎಂದರು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು.

ನನ್ನ ಜೊತೆಗೆ ಕೆಲಸ ಮಾಡುವ ಮೇಡಂ ಕಿವಿಯಲ್ಲಿ ಹೇಳಿದರು: "ಸರ್, ಗಂಧಕಕ್ಕೆ ಇನ್ನೂ ಬೆಂಕಿಯೇ ಹಚ್ಚಿಲ್ಲ."

ನಾಚಿಕೆಯಿಂದಲೇ ನಿಜ ಹೇಳಿ ಬೆಂಕಿ ಹಚ್ಚಿದೆ. ಹೊಗೆ ಕಪ್ಪು ನೀರಿನಲ್ಲಿ ಗುಳುಗುಳು ಹಾಯಿತು. ಆಚೆ ತುದಿಯಲ್ಲಿ ಅನಿಲ ಅಳೆಯುವ ಮೀಟರ್ ಮುಳ್ಳು ಅಲ್ಲಾಡಲಿಲ್ಲ. ನಾನು ಉಸಿರು ಬಿಟ್ಟೆ. ಅತಿಥಿ ಮಾತ್ರ ಹುಬ್ಬು ಗಂಟಿಕ್ಕಿದರು.

"ನಿಮ್ಮ ಮೀಟರ್ ಸುಳ್ಳು ಹೇಳ್ತಿದೆ. ಭಾರೀ ವಾಸನೆ ಬರ್ತಿದೆಯಲ್ರೀ!"

ಮೇಡಂ ಶಾಂತವಾಗಿ ಕಿಟಕಿಯಾಚೆ ನಿಂತಿದ್ದ ಮೀನಿನ ಟೆಂಪೋ ತೋರಿಸಿದರು. "ಇದು ಗಂಧಕ ಅಲ್ಲ ಸರ್, ಬಂಗಡೆ. ಇದನ್ನ ತೆಗೆಯೂಕೆ ಮಣ್ಣು ಬೇಡ, ಬಿಸಿ ಅನ್ನ ಸಾಕು."

ಅತಿಥಿ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟರು. ಮೀಟರ್ ನೋಡಿ ಅಲ್ಲ. ಮಧ್ಯಾಹ್ನ ಊಟಕ್ಕೆ ಕೂತು, ಎರಡನೇ ಬಂಗಡೆ ಮುಗಿಸಿದ ಮೇಲೆ.