ಗಟ್ಟಿಯಲ್ಲದ ಎಂಜಿನ್ ಆಯಿಲ್‌ಗೆ ಕುರ್ಲಾದಿಂದ ಒಂದು ದೂರು

ಮಾನ್ಯ 0W-16 ಎಂಜಿನ್ ಆಯಿಲ್ ಅವರೇ,

ಕುರ್ಲಾ ಪೂರ್ವದ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ, ಬಾನೆಟ್ಟಿನ ಕೆಳಗಿನ ಕತ್ತಲಲ್ಲಿ, ಯಾರ ಚಪ್ಪಾಳೆಯನ್ನೂ ಬಯಸದೆ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ಅದೇ ಬಿಲ್ಡಿಂಗಿನ ನಿವಾಸಿಯೂ, ಹಾಲು ಕುಡಿಯುವ ವಯಸ್ಸಿನಿಂದ ಕಂಪನಿ ನಾಟಕಗಳ ಭೀಮ ದುರ್ಯೋಧನರ ಗರ್ಜನೆ ಕೇಳಿ ಬೆಳೆದವನೂ ಆದ ತಿರುಮಲೇಶ ಎಂಬ ನಾನು, ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ಕೈಜೋಡಿಸಿ ಸಲ್ಲಿಸುವ ವಂದನೆಗಳು. ತಾವು ಕ್ಷೇಮವೆಂದು ಡಿಪ್‌ಸ್ಟಿಕ್ ಎಳೆದು ನೋಡಿ ತಿಳಿದುಕೊಂಡಿದ್ದೇನೆ. ನಾನು ಮಾತ್ರ ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ತಾವೇ ಕಾರಣರಾದ್ದರಿಂದ ಈ ದೂರನ್ನು ಊರಿಗೆಲ್ಲ ಕೇಳುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಕಾರಿನ ವಿಷಯ. ಅದು ನನ್ನದಲ್ಲ, ನನ್ನ ಧರ್ಮಪತ್ನಿ ರಮಾಮಣಿಯದು. ಬ್ಯಾಂಕಿನ ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಬಾಗಿಲಲ್ಲಿ, ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಟಿಫಿನ್ನು, ಬೆನ್ನಿಗೆ ಪರಿಚಯವಿಲ್ಲದ ಮೊಣಕೈಗಳು ಎಂಬಂತೆ ನಿಂತುಕೊಂಡೇ ಹೋಗಿಬಂದ ಆಕೆ, ನಿವೃತ್ತಿಯಾದ ಮರುವಾರವೇ ಡ್ರೈವಿಂಗ್ ಕಲಿತು, “ಇನ್ನು ಮೇಲೆ ನಾನು ಕೂತ್ಕೊಂಡೇ ಹೋಗೋದು” ಎಂದು ಸಾರಿ, ಪೆಟ್ರೋಲು ಬ್ಯಾಟರಿ ಎರಡರಲ್ಲೂ ಓಡುವ ಈ ಹೈಬ್ರಿಡ್ ಕಾರನ್ನು ಮನೆಗೆ ತಂದಳು. ನನಗೆ ಅದರಲ್ಲಿ ಮುಂದಿನ ಎಡಗಡೆಯ ಸೀಟೂ, ಬಾಯಿ ಮುಚ್ಚಿಕೊಂಡಿರುವ ಜವಾಬ್ದಾರಿಯೂ ದೊರೆತವು. ಇವೆರಡರಲ್ಲಿ ಮೊದಲನೆಯದನ್ನು ನಾನು ಅತ್ಯಂತ ಸಮರ್ಥವಾಗಿ ನಿರ್ವಹಿಸಿಕೊಂಡು ಬಂದಿದ್ದೇನೆ.

ಆದರೆ ಮಾನ್ಯರೇ, ಸಿಗ್ನಲ್ಲು ಬಂದಾಗಲೆಲ್ಲ ಎಂಜಿನ್ನು ತಾನಾಗಿಯೇ ಉಸಿರು ನಿಲ್ಲಿಸಿಬಿಡುವ ಕಾರನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಮೊದಲ ದಿನ ಪವಾಯಿಯ ಕೆರೆಯ ಹತ್ತಿರದ ಸಿಗ್ನಲ್ಲಿನಲ್ಲಿ ಹಾಗೆ ಎಲ್ಲ ಸ್ತಬ್ಧವಾದಾಗ, ಅಂಕದ ಪರದೆ ಬೀಳುವ ಮುಂಚಿನ ಧ್ವನಿಯಲ್ಲಿ “ಹೋಯಿತು, ಪ್ರಾಣಪಕ್ಷಿ ಹಾರಿಹೋಯಿತು” ಎಂದು ನಾನು ಘೋಷಿಸಿದ್ದು ಪಕ್ಕದ ರಿಕ್ಷಾದವನಿಗೂ ಕೇಳಿಸಿ, ಅವನು ಇಳಿದು ಬಂದು ತಳ್ಳಲು ಸಿದ್ಧನಾದ. ರಮಾಮಣಿ ಅವನಿಗೆ ಹಿಂದಿಯಲ್ಲಿ ಕ್ಷಮೆ ಕೇಳಿ, ನನ್ನ ಕಡೆ ತಿರುಗಿ, “ಕೆಲಸ ಇಲ್ಲದಾಗ ಅದು ಸುಮ್ಮನಿರತ್ತೆ ರೀ. ನೋಡಿ ಕಲ್ಕೊಳ್ಳಿ” ಎಂದಳು.

ಹೀಗಿರುವಾಗ ಎಣ್ಣೆ ಬದಲಿಸುವ ಕಾಲ ಬಂತು. ಸರ್ವಿಸ್ ಸೆಂಟರಿನವರು ಫೋನಿನಲ್ಲಿ ತಾವು ಸದ್ಯಕ್ಕೆ ಸ್ಟಾಕಿನಲ್ಲಿಲ್ಲವೆಂದೂ, “ಫೈವ್ ಡಬ್ಲ್ಯೂ ಥರ್ಟಿ ಡಾಲ್ ದೇತೇ ಹೈ ಮ್ಯಾಡಮ್, ಚಲೇಗಾ”, ಅಂದರೆ ತಮಗಿಂತ ದಪ್ಪನೆಯ ಇನ್ನೊಂದನ್ನು ಹಾಕಿಬಿಡುತ್ತೇವೆ, ನಡೆಯುತ್ತದೆ, ಎಂದೂ ತಿಳಿಸಿದರು. ಸೋರುವ ನಲ್ಲಿಯಿಂದ ಹಿಡಿದು ಸೊಟ್ಟ ಬಾಗಿಲಿನವರೆಗೆ ಈ ಮಹಾನಗರವನ್ನು ಜಾರಿಸಿಕೊಂಡು ಹೋಗುತ್ತಿರುವ ಏಕೈಕ ಎಣ್ಣೆಯಾದ ಆ ‘ಚಲೇಗಾ’ವನ್ನು ರಮಾಮಣಿ ಒಪ್ಪಲಿಲ್ಲ. ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳದ ಮೇಲೆಯೇ ತಮ್ಮ ನಾಮಧೇಯ ಕೆತ್ತಿರುವಾಗ ಬೇರೆಯದೇಕೆಂಬುದು ಅವಳ ವಾದ.

ನಾನು ಆ ನಾಮಧೇಯವನ್ನೇ ಹಿಡಿದುಕೊಂಡೆ. ಸೊನ್ನೆಯಿಂದ ಶುರುವಾಗುವ ಹೆಸರಿನವರು ಯಾರನ್ನು ಕಾಪಾಡಿಯಾರು? ನಡುವೆ ಕೂತಿರುವ ಡಬ್ಲ್ಯೂ ಎಂದರೆ ವಿಂಟರ್, ಅಂದರೆ ಚಳಿಗಾಲ, ಎಂದು ತಿಳಿದಾಗಂತೂ ನನ್ನ ನಗು ಮೆಟ್ಟಿಲಿಳಿದು ಗೇಟಿನವರೆಗೆ ಹೋಯಿತು. ವಾಚ್‌ಮನ್ ಮಂಕಿಟೋಪಿ ಹಾಕಿದ ದಿನವನ್ನೇ ಚಳಿಗಾಲವೆಂದು ನಂಬಿ ಫ್ಯಾನನ್ನು ಒಂದು ಪಾಯಿಂಟು ಇಳಿಸುವ ಊರು ನಮ್ಮದು. ಇಲ್ಲಿ ತಮಗೇನು ಕೆಲಸ? ರಮಾಮಣಿ ಈರುಳ್ಳಿ ಹೆಚ್ಚುತ್ತಲೇ ಉತ್ತರ ಕೊಟ್ಟಳು: “ಕಾದ ಎಂಜಿನ್ನಿನ ಲೆಕ್ಕದಲ್ಲಿ ನಮ್ಮ ಮೇ ತಿಂಗಳೂ ಚಳೀನೇ. ಇದು ಸಿಗ್ನಲ್ ಸಿಗ್ನಲ್ಲಿಗೂ ಮಲಗಿ ಏಳತ್ತೆ. ಎದ್ದ ತಕ್ಷಣ ಎಣ್ಣೆ ಓಡಿ ಬರಬೇಕು. ನಿಮ್ಮ ದಪ್ಪ ಎಣ್ಣೆ ಸೊಂಟ ಹಿಡ್ಕೊಂಡು ಬರೋ ಹೊತ್ತಿಗೆ ಇದು ಮತ್ತೆ ಮಲಗಿರತ್ತೆ.”

ಮಾನ್ಯರೇ, ಇಲ್ಲಿ ನನ್ನ ಪಕ್ಷವನ್ನೂ ತಾವು ಆಲಿಸಬೇಕು. ನಮ್ಮ ಭಾಷೆಯಲ್ಲಿ ಗಟ್ಟಿ ಎಂಬುದೊಂದು ಪದವಿದೆ. ಮೊಸರು ಗಟ್ಟಿ ಎಂದರೆ ಮಂದವಾಗಿದೆ, ಆಳು ಗಟ್ಟಿ ಎಂದರೆ ಬಲಶಾಲಿ, ಮನಸ್ಸು ಗಟ್ಟಿ ಎಂದರೆ ಅಲುಗುವುದಿಲ್ಲ, ದನಿ ಗಟ್ಟಿ ಎಂದರೆ ಮೈಕಿಲ್ಲದೆ ಕಡೆಯ ಬೆಂಚಿಗೆ ಮುಟ್ಟುತ್ತದೆ. ಮಂದವೂ ಬಲವೂ ಒಂದೇ ಪದದೊಳಗೆ ಸಂಸಾರ ಮಾಡಿಕೊಂಡಿರುವ ಭಾಷೆಯಲ್ಲಿ ಹುಟ್ಟಿದವನು, ನೀರಿನಂತೆ ಹರಿಯುವ ತಮ್ಮನ್ನು ನಂಬುವುದಾದರೂ ಹೇಗೆ? ನಾಟಕದ ಕಂಪನಿಯಲ್ಲಿ ತೆಳ್ಳಗಿದ್ದವರಿಗೆ ದೂತನ ಪಾತ್ರ ಸಿಗುತ್ತಿತ್ತು, ಅದೂ ಎರಡನೇ ದೂತ.

ನನ್ನ ಸಂಕಟ ಅರ್ಥವಾದದ್ದು ಒಬ್ಬರಿಗೇ: ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುವ, ನಮ್ಮ ಕೆಳಗಿನ ಮನೆಯ, ಉಡುಪಿ ಕಡೆಯ ಕಾಂತಪ್ಪನವರಿಗೆ. “ಎಂಜಿನ್ನಿಗೆ ಗಟ್ಟಿ ಎಣ್ಣೆಯೇ ಬೇಕು ಮಾರಾಯ್ರೆ. ನಮ್ಮ ಟೆಂಪೋಗೆ ಟ್ವೆಂಟಿ ಡಬ್ಲ್ಯೂ ಫಿಫ್ಟಿ ಹಾಕುದು, ಆನೆಯ ಹಾಗೆ ಉಂಟು. ಇದ್ದ ಎಣ್ಣೆಗೇ ಒಂದು ಲೀಟರು ಬೆರೆಸುವ. ಹದ ಬರ್ತದೆ” ಎಂದರು. ಹದ ಎಂಬ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು. ಭಾನುವಾರ ಬೆಳಿಗ್ಗೆ, ರಮಾಮಣಿ ಸ್ನಾನಕ್ಕೆ ಹೋದ ಸಮಯ ನೋಡಿ, ನಾನು ಬಾನೆಟ್ಟು ಎತ್ತಿ ಹಿಡಿದೆ, ಕಾಂತಪ್ಪನವರು ಹೋಟೆಲಿನ ಲಾಳಿಕೆಯನ್ನು ಇಟ್ಟು ಡಬ್ಬಿ ಬಗ್ಗಿಸಿದರು. ಎಣ್ಣೆ ಎಷ್ಟು ಗಟ್ಟಿಯಾಗಿತ್ತೆಂದರೆ ಡಬ್ಬಿಯ ಬಾಯಿಗೆ ಬಂದು, ಸುತ್ತ ನೋಡಿ, ಸ್ವಲ್ಪ ಯೋಚಿಸತೊಡಗಿತು. ಅಷ್ಟು ಸಾಕಾಯಿತು. ತಲೆಗೆ ಟವೆಲ್ಲು ಸುತ್ತಿಕೊಂಡು ರಮಾಮಣಿ ಇಳಿದು ಬಂದು, ಲಾಳಿಕೆಯ ಮೇಲೆ ಅಂಗೈ ಇಟ್ಟು ನಿಂತಳು.

“ಅಕ್ಕಾ, ಇದು ಗಟ್ಟಿ ಎಣ್ಣೆ. ಒಳ್ಳೆಯದಕ್ಕೇ” ಎಂದರು ಕಾಂತಪ್ಪ.

ಅವಳು ಕೂಗಾಡಲಿಲ್ಲ. “ಕಾಂತಪ್ಪನವರೇ, ನಾಳೆ ನಿಮ್ಮ ಹೋಟೆಲಲ್ಲಿ ನೀರುದೋಸೆ ಹಿಟ್ಟಿಗೆ ಇಡ್ಲಿ ಹಿಟ್ಟು ಬೆರೆಸಿ ಹೊಯ್ಯಿರಿ. ನಾನು ತಿನ್ನೋಕೆ ಬರ್ತೀನಿ” ಎಂದಳು.

ತಮಗೆ ಆ ಕ್ಷಣದ ಗಾಂಭೀರ್ಯವನ್ನು ಹೇಗೆ ವಿವರಿಸಲಿ? ಉಡುಪಿಯವರೊಬ್ಬರ ಮುಖದ ಮೇಲೆ ಧರ್ಮಸಂಕಟ ಬಂದು ಕೂತದ್ದನ್ನು ನಾನು ಹತ್ತಿರದಿಂದ ಕಂಡೆ. “ಅದು ಆಗ್ಲಿಕ್ಕಿಲ್ಲ ಅಕ್ಕಾ. ನೀರುದೋಸೆ ತೆಳು ಇದ್ದರೇ ಕಾವಲಿ ತುಂಬ ಓಡುದು. ದಪ್ಪ ಆದರೆ ಬಿದ್ದಲ್ಲೇ ಕೂರ್ತದೆ” ಎಂದು ಹೇಳುತ್ತಾ ಹೇಳುತ್ತಾ ಅವರ ದನಿ ತಾನಾಗಿ ಕರಗಿತು, ಡಬ್ಬಿ ನೆಟ್ಟಗಾಯಿತು, ಮುಚ್ಚಳ ತಿರುಗಿತು. ನನ್ನ ಸೈನ್ಯದ ಏಕೈಕ ಸೈನಿಕ ಲಾಳಿಕೆ ಒರೆಸಿಕೊಂಡು ನನ್ನನ್ನು ನೋಡಿ, “ನೀವು ಮೊದಲೇ ದೋಸೆಯ ಲೆಕ್ಕ ಹೇಳಬಾರದಿತ್ತಾ ಮಾರಾಯ್ರೆ?” ಎಂದುಬಿಟ್ಟ.

ಆಮೇಲೆ ಅವಳು ನನಗೆ ಹೇಳಿದ್ದು ಒಂದೇ ಮಾತು. “ಈ ಕಾರು ಕೆಟ್ಟರೆ ನಿಮಗೆ ಹೊಸ ಕಥೆ ಸಿಗತ್ತೆ. ನಾನು ಮತ್ತೆ ಆ ಲೋಕಲ್ ಬಾಗಿಲಲ್ಲಿ ನಿಂತ್ಕೋಬೇಕು.” ಎತ್ತಿ ಹಿಡಿದಿದ್ದ ಬಾನೆಟ್ಟನ್ನು ನಾನು ಮೆಲ್ಲಗೆ ಇಳಿಸಿದೆ. ಮರುದಿನ ಅವಳು ಬಾಂದ್ರಾದ ಅಂಗಡಿಯೊಂದರಲ್ಲಿ ತಮ್ಮನ್ನು ಹುಡುಕಿ, ಮಗುವಿನಂತೆ ಸೀಟಿನ ಮೇಲಿಟ್ಟುಕೊಂಡು (ನನ್ನ ಸೀಟಿನ ಮೇಲೆ, ನಾನು ಅಂದಿನಿಂದ ಹಿಂದೆ) ಸರ್ವಿಸ್ ಸೆಂಟರಿಗೆ ಒಯ್ದು, ಹಳೆಯದನ್ನು ಪೂರ್ತಿ ಇಳಿಸಿ, ತಮ್ಮನ್ನು ಎದುರಿಗೇ ನಿಂತು ಹಾಕಿಸಿದಳು.

ಅಂದಿನಿಂದ ತಮ್ಮ ನಡವಳಿಕೆಯ ಬಗ್ಗೆ ನನ್ನ ದೂರು ಇಷ್ಟು. ತಾವು ಸದ್ದು ಮಾಡುವುದಿಲ್ಲ. ಬಿಸಿಯಾದರೂ ಕೋಪಗೊಳ್ಳುವುದಿಲ್ಲ. ಕರೆದ ತಕ್ಷಣ ಬರುತ್ತೀರಿ, ಕೆಲಸ ಮುಗಿದೊಡನೆ ಇಳಿದುಹೋಗುತ್ತೀರಿ. ಮನೆಯೊಳಗೆ ಇಂಥ ಮಾದರಿಯೊಂದನ್ನು ಇಟ್ಟುಕೊಂಡು ಯಾವ ಗಂಡನೂ ಬದುಕಲಾರ. ಆದ್ದರಿಂದ ತಾವು ದಯಮಾಡಿ ವಾರಕ್ಕೊಮ್ಮೆಯಾದರೂ ಗುಡುಗಬೇಕು. ಸಾಧ್ಯವಾದರೆ ಸ್ವಲ್ಪ ತೊಗರಿಬೇಳೆ ಕದಡಿಕೊಂಡು ನೋಡುವುದಕ್ಕಾದರೂ ಹುಳಿಯಂತಾಗಬೇಕು. ತಮ್ಮ ಹೆಸರಿನಲ್ಲಿರುವ ಚಳಿಗಾಲವನ್ನು ಮುಂಬೈ ಮಹಾನಗರಕ್ಕೆ ಡಿಸೆಂಬರಿನೊಳಗೆ ಒದಗಿಸಬೇಕು.

ಇವು ಆಗದಿದ್ದರೆ ಕಡೆಯ ಪಕ್ಷ ಇದೊಂದನ್ನು ವಿಚಾರಿಸಿ. ಕಳೆದ ಶನಿವಾರ ಪವಾಯಿಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಎಂಜಿನ್ನು ಮಲಗಿತು, ಹಸಿರು ಬಂದಾಗ ಎದ್ದಿತು, ಎದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಆ ನಿಶ್ಶಬ್ದದಲ್ಲಿ ರಮಾಮಣಿ ಸೀಟಿಗೆ ಪೂರ್ತಿ ಒರಗಿ, ಯಾವುದೋ ರಾಗ ಗುನುಗುತ್ತಿದ್ದಳು. ಆಕೆ ಹಾಡುತ್ತಾಳೆಂಬುದೇ ನನಗೆ ತಿಳಿದಿರಲಿಲ್ಲ. ಮೆಚ್ಚುಗೆ ಸೂಚಿಸಲು ನಾನು ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ತೆರೆಯುವಷ್ಟರಲ್ಲಿ, ರಸ್ತೆಯಿಂದ ಕಣ್ಣು ತೆಗೆಯದೆ ಒಂದು ಬೆರಳೆತ್ತಿದಳು. ಕೆರೆ ದಾಟುವವರೆಗೂ ನಾನು ಆ ಗಾಳಿಯನ್ನು ಹಾಗೆಯೇ ಹಿಡಿದಿಟ್ಟುಕೊಂಡಿದ್ದೆ. ಅವಳು ಪಲ್ಲವಿಗೆ ಎರಡು ಸಲ ಹಿಂದಿರುಗಿದಳು.

ಇಂತು, ಹಿಂದಿನ ಸೀಟಿಗೆ ಇನ್ನೂ ಒಗ್ಗದ, ತಮ್ಮ ವಿಶ್ವಾಸಿ,
ತಿರುಮಲೇಶ

ತಾ.ಕ.: ತೆಳುವಾಗಿದ್ದಷ್ಟೂ ರಕ್ಷಣೆ ಹೆಚ್ಚು ಎಂಬ ತಮ್ಮ ಸಿದ್ಧಾಂತವನ್ನು ನಮ್ಮ ಬೀದಿಗೆ ಡಾಂಬರು ಹಾಕುವ ಕಂಟ್ರಾಕ್ಟರು ಬಹಳ ಹಿಂದೆಯೇ ಅರಗಿಸಿಕೊಂಡಂತಿದೆ. ಅದು ಎಂಜಿನ್ನಿಗಷ್ಟೇ ಅನ್ವಯಿಸುತ್ತದೆಂದು ಆತನಿಗೆ ತಾವೇ ಎರಡು ಸಾಲು ಬರೆದು ತಿಳಿಸಿದರೆ, ಮಳೆಗಾಲಕ್ಕೆ ಮುಂಚೆ ಉಪಕಾರವಾಗುತ್ತದೆ.